ಮೊದಲು ರಿಂಗು, ಆಮೇಲೆ ದೇವರಾಯನದುರ್ಗ

ಪ್ರಶ್ನೆ: ನಮ್ಮದು ದಾವಣಗೆರೆ. ಮನೆಯಲ್ಲಿ ಎರಡೂವರೆ ವರ್ಷದ ಗಂಡು ಮುಧೋಳ ನಾಯಿ ಇದೆ, ಹೆಸರು ಬಾಣ. ಕೆನಲ್ ಕ್ಲಬ್ ಕಾಗದವಿದೆ, ಚಿಪ್ ಹಾಕಿಸಿದ್ದೇವೆ. ಫೆಬ್ರವರಿ ಮೊದಲ ಭಾನುವಾರ ತುಮಕೂರಿನಲ್ಲಿ ಶ್ವಾನ ಪ್ರದರ್ಶನವಿದೆ, ಅದಕ್ಕೆ ಅವನ ಹೆಸರು ಕೊಡಬೇಕೆಂದಿದ್ದೇವೆ. ಇದು ಅವನಿಗೆ ಮೊದಲನೆಯದು. ಗುಬ್ಬಿ ಹತ್ತಿರ ನಮ್ಮ ಯಜಮಾನರ ಸೋದರತ್ತೆಯ ತೋಟದ ಮನೆ ಇದೆ. "ಹೋಟ್ಲು ಗೀಟ್ಲು ಅಂದ್ರೆ ನಾನು ಮಾತೇ ಆಡಲ್ಲ, ನಾಯೀನೂ ಕರ್ಕೊಂಡು ಇಲ್ಲಿಗೇ ಬನ್ನಿ" ಅಂದಿದ್ದಾರೆ. ದೇವರಾಯನದುರ್ಗ, ನಾಮದ ಚಿಲುಮೆ, ಸಿದ್ಧಗಂಗೆ, ಮಂದರಗಿರಿ, ಮೈದನಹಳ್ಳಿಯ ಕೃಷ್ಣಮೃಗ ಎಲ್ಲವನ್ನೂ ನೋಡಬೇಕೆಂದು ಮಕ್ಕಳಿಬ್ಬರ ಆಸೆ. ಶನಿವಾರ ನಸುಕಿಗೆ ಹೊರಟು, ಇವನ್ನೆಲ್ಲ ನೋಡಿಕೊಂಡು ರಾತ್ರಿ ಅತ್ತೆ ಮನೆ ಸೇರಿ, ಭಾನುವಾರ ಪ್ರದರ್ಶನ ಮುಗಿಸಿ ಸಂಜೆ ವಾಪಸಾಗುವ ಯೋಚನೆ. ಕಾರು ನಮ್ಮದೇ. ಬಾಣನಿಗೆ ಕಾರಿನಲ್ಲಿ ವಾಂತಿಯಾಗುತ್ತದೆ, ನಿದ್ದೆ ಮಾತ್ರೆ ಕೊಡಬಹುದೇ? ಊರು ಸುತ್ತುವಾಗ ಅವನನ್ನು ಏನು ಮಾಡುವುದು?

ಉತ್ತರ: ನಿಮ್ಮ ಅತ್ತೆಯವರ ಮಾತನ್ನು ಓದಿ ಖುಷಿಯಾಯಿತು. ನಾಯಿ ಜೊತೆಗಿದೆ ಅಂದ ಕೂಡಲೇ "ನೋಡೋಣ" ಎಂದು ರಾಗ ಎಳೆಯುವ ನೆಂಟರೇ ಹೆಚ್ಚು. ನಾಯಿಯನ್ನೂ ಕರೆದುಕೊಂಡು ಬನ್ನಿ ಅನ್ನುವವರು ಸಿಕ್ಕಿದ್ದಾರೆಂದರೆ ನಿಮ್ಮ ಅರ್ಧ ಕಷ್ಟ ಕಳೆದ ಹಾಗೆ. ಆದರೆ ನೀವು ಹಾಕಿಕೊಂಡ ಕ್ರಮವನ್ನು ಪೂರ್ತಿ ತಿರುವಿ ಹಾಕಬೇಕು. ಊರು ನೋಡುವವರು ನೀವು ನಾಲ್ವರು. ಬಾಣನಿಗೆ ನೋಡಬೇಕಾದ ಊರು ಯಾವುದೂ ಇಲ್ಲ. ಅವನಿಗೆ ಬೇಕಾದದ್ದು ಒಂದು ಗುರುತಿನ ಜಾಗ, ಗುರುತಿನ ಚಾಪೆ, ಪಕ್ಕದಲ್ಲಿ ಗುರುತಿನ ಒಬ್ಬ ಮನುಷ್ಯ. ಅತ್ತೆಯವರ ಮನೆಯನ್ನು ಅವನ ಬಿಡಾರ ಮಾಡಿ. ನೀವು ಅಲ್ಲಿಂದ ಸರದಿಯ ಮೇಲೆ ಹೋಗಿ ಬನ್ನಿ.

ಶನಿವಾರದ ಬದಲು ಶುಕ್ರವಾರ ಮಧ್ಯಾಹ್ನವೇ ಹೊರಡಿ. ದಾವಣಗೆರೆಯಿಂದ ತುಮಕೂರಿಗೆ ಹೆದ್ದಾರಿಯಲ್ಲಿ ಸುಮಾರು 190 ಕಿ.ಮೀ. ಚಿತ್ರದುರ್ಗ ದಾಟಿದ ಮೇಲೆ ಒಮ್ಮೆ, ಹಿರಿಯೂರು ದಾಟಿದ ಮೇಲೆ ಒಮ್ಮೆ, ಶಿರಾದಲ್ಲಿ ಒಮ್ಮೆ ನಿಲ್ಲಿಸಿ ಇಳಿಸಿ. ಇಳಿಸುವ ಮೊದಲು, ಬಾಗಿಲು ಮುಚ್ಚಿರುವಾಗಲೇ ಹಗ್ಗ ಕೈಗೆ ಸುತ್ತಿಕೊಳ್ಳಿ. ಮುಧೋಳ ನಾಯಿಯ ತಲೆ ಕುತ್ತಿಗೆಗಿಂತ ಹೆಚ್ಚು ದಪ್ಪವಿರುವುದಿಲ್ಲ. ಹಾಗಾಗಿ ಸಾಮಾನ್ಯ ಬೆಲ್ಟಿನಿಂದ ಹಿಂದಕ್ಕೆ ಜಗ್ಗಿ ಕ್ಷಣದಲ್ಲಿ ತಪ್ಪಿಸಿಕೊಳ್ಳುತ್ತದೆ. ಎಳೆದರೆ ತಾನೇ ಬಿಗಿಯಾಗುವ ಅಗಲ ಪಟ್ಟಿಯೊಂದು, ಮೈಗೆ ಹಾಕುವ ಹಾರ್ನೆಸ್ ಒಂದು, ಎರಡೂ ಇರಲಿ. ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಬರೆಸಿ. ಹೆದ್ದಾರಿ ಬದಿಯಲ್ಲಿ ಮೊಲ ಕಂಡು ಓಡಿದ ಬೇಟೆನಾಯಿಯನ್ನು ಕೂಗಿ ಕರೆದು ವಾಪಸ್ ತರಿಸಿದವರನ್ನು ನಾನು ಕಂಡಿಲ್ಲ.

ಇನ್ನು ವಾಂತಿಯ ಮಾತು. ನಿದ್ದೆ ಮಾತ್ರೆ ಬೇಡವೇ ಬೇಡ. ಮುಧೋಳದಂಥ ತೆಳು ಮೈಯ, ಕೊಬ್ಬಿಲ್ಲದ ನಾಯಿಗಳಲ್ಲಿ ಮತ್ತಿನ ಔಷಧದ ಅಮಲು ಬೇಗ ಇಳಿಯುವುದಿಲ್ಲ, ರಕ್ತದೊತ್ತಡವೂ ಕುಸಿಯಬಹುದು. ಅಸಿಪ್ರೊಮಜೀನ್ ಎಂಬ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ಕೊಡುವವರಿದ್ದಾರೆ, ನೀವು ಆ ಕೆಲಸ ಮಾಡಬೇಡಿ. ಹೊರಡುವ ಐದಾರು ಗಂಟೆ ಮೊದಲಿನಿಂದ ಊಟ ನಿಲ್ಲಿಸಿ, ನೀರು ಗುಟುಕು ಗುಟುಕಾಗಿ ಕೊಡಿ. ಕಿಟಕಿ ಒಂದಿಷ್ಟು ತೆರೆದಿರಲಿ. ವಾಂತಿ ತಡೆಯಲು ಮಾರೋಪಿಟೆಂಟ್ ಎಂಬ ಔಷಧವಿದೆ, ಅದು ಮಂಪರು ತರಿಸುವುದಿಲ್ಲ. ನಿಮ್ಮ ವೈದ್ಯರು ಬಾಣನ ತೂಕ ನೋಡಿ ಬರೆದುಕೊಟ್ಟರೆ ಹೊರಡುವ ಎರಡು ಗಂಟೆ ಮೊದಲು ಕೊಡಬಹುದು. ಇಂದಿನಿಂದಲೇ ದಿನಾ ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ ಕಾರಿನಲ್ಲಿ ಸುತ್ತಾಡಿಸಿದರೆ ಅಷ್ಟರಲ್ಲಿ ಮಾತ್ರೆಯೇ ಬೇಡವಾದೀತು.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. ಕೆನಲ್ ಕ್ಲಬ್ ಆಫ್ ಇಂಡಿಯಾ ನಿಯಮದ ಚಾಂಪಿಯನ್‌ಶಿಪ್ ಪ್ರದರ್ಶನವಾದರೆ ಎಂಟ್ರಿ ಮೊದಲೇ ಮುಗಿದುಹೋಗುತ್ತದೆ, ಕೊನೆಯ ದಿನ ಯಾವುದು ಎಂದು ಇವತ್ತೇ ಕೇಳಿ. ಆ ಕ್ಲಬ್ಬಿನ ದಾಖಲೆಯಲ್ಲಿ ನಮ್ಮ ಮುಧೋಳ ನಾಯಿಯ ಹೆಸರು ಕ್ಯಾರವಾನ್ ಹೌಂಡ್. ಅರ್ಜಿಯಲ್ಲಿ ಮುಧೋಳ ಎಂದು ಹುಡುಕಿ ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ಕೃಷಿ ಮೇಳ, ಜಾತ್ರೆಗಳಲ್ಲಿ ನಡೆಯುವ ಊರಿನ ಪ್ರದರ್ಶನವಾದರೆ ಬೆಳಿಗ್ಗೆ ಗೇಟಿನಲ್ಲೇ ಹೆಸರು ಬರೆಸಬಹುದು, ಲಸಿಕೆ ಕಾರ್ಡು ಸಾಕು. ಎರಡರಲ್ಲಿ ಯಾವುದೇ ಆಗಲಿ, ರೇಬೀಸ್ ಲಸಿಕೆ ಹಾಕಿಸಿ ವರ್ಷ ಮೀರಿರಬಾರದು. ಈಗ ಹಾಕಿಸುವುದಾದರೆ ಹೊರಡಲು ಕನಿಷ್ಠ ಮೂರು ವಾರ ಇರುವಾಗಲೇ ಹಾಕಿಸಿ. ನೂರಾರು ನಾಯಿ ಸೇರುವ ಕಡೆ ಕೆಮ್ಮು ಸುಲಭವಾಗಿ ಹರಡುತ್ತದೆ, ಅದಕ್ಕೂ ಲಸಿಕೆ ಇದೆ, ಕೇಳಿ ಹಾಕಿಸಿ. ಅಂದಹಾಗೆ, 2005ರಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ನಾಯಿತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಪ್ರದರ್ಶನದಲ್ಲಿ ಜನ ನಿಮ್ಮ ನಾಯಿಯನ್ನು ನೋಡಿ "ಯಾಕಿಷ್ಟು ಸಣಕಲು, ಊಟ ಹಾಕಲ್ವಾ" ಎಂದು ಖಂಡಿತ ಕೇಳುತ್ತಾರೆ. ಆಗ ಇದು ಓಡುವುದಕ್ಕೆ ಹುಟ್ಟಿದ ತಳಿ, ಪಕ್ಕೆಲುಬು ಒಂದಿಷ್ಟು ಕಾಣಬೇಕು ಎಂದು ಮಕ್ಕಳಿಂದಲೇ ಹೇಳಿಸಿ.

ಈಗ ಅತ್ತೆಯವರ ಮನೆಗೆ ಬರೋಣ. ನಾನು ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಇಲ್ಲೇ.

ನಮ್ಮ ಕಡೆ ಬಂದ ನೆಂಟರನ್ನು ಉಪವಾಸ ಕಳಿಸುವುದಿಲ್ಲ, ನೆಂಟರ ನಾಯಿಯನ್ನೂ ಕಳಿಸುವುದಿಲ್ಲ. ತೊಂದರೆ ಶುರುವಾಗುವುದು ಈ ಒಳ್ಳೆಯತನದಿಂದಲೇ. ನಮ್ಮ ದೊಡ್ಡಮ್ಮ ತಿಪಟೂರಿನ ಕಡೆಯವರು. ಬಹಳ ವರ್ಷದ ಹಿಂದೆ ನನ್ನ ಲ್ಯಾಬ್ರಡಾರನ್ನು ಪ್ರದರ್ಶನಕ್ಕೆ ಒಯ್ಯುವ ದಾರಿಯಲ್ಲಿ ಒಂದು ರಾತ್ರಿ ಅವರ ಮನೆಯಲ್ಲಿ ಉಳಿದಿದ್ದೆ. ನಾನು ಮಲಗಿದ ಮೇಲೆ ಅವರು ಅದಕ್ಕೆ ಪ್ರೀತಿಯಿಂದ ನಾಲ್ಕು ಕಾಯಿ ಹೋಳಿಗೆ, ಮೇಲೆ ತುಪ್ಪ ಹಾಕಿ ತಿನ್ನಿಸಿದ್ದರು. ಬೆಳಗಿನ ಜಾವಕ್ಕೆ ಭೇದಿ ಹತ್ತಿಕೊಂಡು, ಪ್ರದರ್ಶನದ ಮೈದಾನಕ್ಕೆ ಹೋಗುವ ಬದಲು ನಾನು ಅದಕ್ಕೆ ಡ್ರಿಪ್ ಹಾಕುತ್ತಾ ಕೂತೆ. ದೊಡ್ಡಮ್ಮ ಆ ದಿನವೆಲ್ಲ ಊಟ ಮಾಡಲಿಲ್ಲ. ಅವರ ಮುಖ ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಮೊದಲೇ ಹೇಳಬೇಕಾಗಿದ್ದವರು ನಾವು, ಪಶುವೈದ್ಯರಾಗಿಯೂ ಹೇಳಿರಲಿಲ್ಲ.

ಅತ್ತೆಯವರಿಗೆ "ಏನೂ ಹಾಕಬೇಡಿ" ಅನ್ನಬೇಡಿ, ಅವರ ಮನಸ್ಸು ನೋಯುತ್ತದೆ. ಬಾಣ ಮನೆಯಲ್ಲಿ ಏನು ತಿನ್ನುತ್ತಾನೋ ಅದನ್ನೇ ನಾಲ್ಕು ದಿನಕ್ಕಾಗುವಷ್ಟು, ಹೊತ್ತಿಗೊಂದರಂತೆ ಸಣ್ಣ ಪೊಟ್ಟಣ ಕಟ್ಟಿ ಒಯ್ಯಿರಿ. ಹೋದ ಕೂಡಲೇ ಅವರ ಕೈಗೆ ಕೊಟ್ಟು, "ಅತ್ತೆ, ಇವನಿಗೆ ನೀವೇ ಹಾಕಬೇಕು" ಅನ್ನಿ. ಬಡಿಸುವ ಸಂತೋಷವೂ ಅವರದು, ಬಾಣನ ಹೊಟ್ಟೆಯೂ ಕ್ಷೇಮ. ಎರಡನೇ ಹೊತ್ತಿಗೆ ಅವನು ಅವರ ಹಿಂದೆ ಮುಂದೆ ಸುಳಿಯುತ್ತಾನೆ, ನೀವು ಹೊರಗೆ ಹೋದಾಗ ಅವರ ಹತ್ತಿರ ಸುಮ್ಮನೆ ಇರುತ್ತಾನೆ. ಮರುವರ್ಷ ದೊಡ್ಡಮ್ಮನ ಮನೆಯಲ್ಲಿ ನಾನು ಮಾಡಿದ್ದು ಇದನ್ನೇ.

ಆ ಹೊತ್ತಿಗೆ ಅವರೆಕಾಯಿ ಸುಗ್ಗಿ ಪೂರ್ತಿ ಮುಗಿದಿರುವುದಿಲ್ಲ. ಹಿತಕಿದ ಬೇಳೆ ಸಾರು ಮಾಡದೆ ಯಾವ ಅತ್ತೆಯೂ ನಿಮ್ಮನ್ನು ಬಿಡುವುದಿಲ್ಲ. ನೀವು ಹೊಟ್ಟೆ ತುಂಬ ಉಣ್ಣಿ. ಬಾಣನಿಗೆ ಆ ಸಾರಿನ ಒಂದು ಸೌಟೂ ಬೇಡ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಅರೆದಿರುತ್ತಾರೆ, ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು. ಬಾಡೂಟ ಮಾಡಿದ್ದರೆ ಬೆಂದ ಕೋಳಿಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಮಕ್ಕಳ ಚಾಕೊಲೇಟೂ ದೂರವಿರಲಿ. ಪ್ರದರ್ಶನ ಮುಗಿದ ರಾತ್ರಿ ಅತ್ತೆಯವರು ಸಾರಿಲ್ಲದ, ಉಪ್ಪಿಲ್ಲದ ರಾಗಿ ಮುದ್ದೆಯ ತುಂಡೊಂದನ್ನು ಮಜ್ಜಿಗೆಯಲ್ಲಿ ಕಿವುಚಿ ಹಾಕಲಿ, ತಪ್ಪೇನಿಲ್ಲ.

ಎಲ್ಲಿ ಮಲಗಿಸುವುದು ಎಂಬುದನ್ನು ಫೋನಿನಲ್ಲೇ ಕೇಳಿಟ್ಟುಕೊಳ್ಳಿ. ಕೆಲವು ಮನೆಗಳಲ್ಲಿ ನಾಯಿಯನ್ನು ಹಜಾರ ದಾಟಿಸುವುದಿಲ್ಲ, ಅಡುಗೆಮನೆ, ದೇವರಮನೆ ಕಡೆ ಬಿಡುವುದಿಲ್ಲ. ಅವರ ಮನೆಯ ಪದ್ಧತಿ ಅವರದು, ಗೌರವಿಸಿ. ಆದರೆ ಒಂದು ವಿಷಯದಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು: ರಾತ್ರಿ ಅಂಗಳದಲ್ಲಿ, ತೋಟದಲ್ಲಿ ಅವನನ್ನು ಕಟ್ಟಕೂಡದು. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ತೆಂಗು ಅಡಿಕೆ ತೋಟಗಳ ಅಂಚಿನಲ್ಲಿ ಚಿರತೆ ಓಡಾಡುತ್ತದೆ. 2019–20ರಲ್ಲಿ ಹೆಬ್ಬೂರು, ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಮನುಷ್ಯರೇ ಚಿರತೆಗೆ ಬಲಿಯಾದರು. ಕಟ್ಟಿಹಾಕಿದ ನಾಯಿ ಅದಕ್ಕೆ ಅತಿ ಸುಲಭದ ಬೇಟೆ. ಬಾಗಿಲು ಹಾಕಿದ ಹಜಾರವಾದರೆ ಸರಿ, ಅದೂ ಆಗದಿದ್ದರೆ ಬಾಗಿಲು ಭದ್ರವಿರುವ ಕಾಯಿಕೋಣೆ. ಯಜಮಾನರು ಪಕ್ಕದಲ್ಲಿ ಚಾಪೆ ಹಾಸಿಕೊಂಡರೆ ಇನ್ನೂ ಒಳ್ಳೆಯದು. ಮುಧೋಳಕ್ಕೆ ಬಿಸಿಲಿಗಿಂತ ಚಳಿ ಕಷ್ಟ, ಹಳೆಯ ಕಂಬಳಿ ಒಂದನ್ನು ಮನೆಯಿಂದಲೇ ಒಯ್ಯಿರಿ. ಅದರ ವಾಸನೆಯೇ ಅವನಿಗೆ ಅರ್ಧ ಧೈರ್ಯ.

ತೋಟದ ಮನೆಯಲ್ಲಿ ಕೋಳಿ, ಮೇಕೆ, ಬೆಕ್ಕು ಇರುತ್ತವೆ. ಕೋಳಿ ಪಟಪಟನೆ ರೆಕ್ಕೆ ಬಡಿದರೆ ಬಾಣ ಹಾರುತ್ತಾನೆ, ಅವನ ತಪ್ಪಲ್ಲ, ಅವನ ರಕ್ತವೇ ಹಾಗೆ. ಇರುವಷ್ಟು ದಿನವೂ ಹಗ್ಗ ಬಿಚ್ಚಬೇಡಿ. ಅವರ ಮನೆಯ ನಾಯಿಗಳನ್ನು ಅಂಗಳದಲ್ಲಿ ಎದುರುಬದುರು ನಿಲ್ಲಿಸಬೇಡಿ. ಊರಾಚೆ ರಸ್ತೆಯಲ್ಲಿ ಸ್ವಲ್ಪ ದೂರ ಬಿಟ್ಟು ಎರಡನ್ನೂ ಒಂದೇ ದಿಕ್ಕಿಗೆ ನಡೆಸಿ, ಆಮೇಲೆ ಒಟ್ಟಿಗೆ ಮನೆಗೆ ಕರೆತನ್ನಿ. ಕೊಟ್ಟಿಗೆಯ ಮುಂದೆ ನಿಂತ ನೀರನ್ನು ಕುಡಿಯಲು ಬಿಡಬೇಡಿ, ಇಲಿ ಮೂತ್ರದಿಂದ ಬರುವ ಲೆಪ್ಟೊ ಜ್ವರದ ಭಯವಿದೆ. ಅತ್ತೆಯವರಿಗೆ ಸೀರೆ, ಹಣ್ಣು ಒಯ್ಯುವುದು ಇದ್ದೇ ಇದೆ. ಜೊತೆಗೆ ಅವರ ನಾಯಿಗಳಿಗೆ ರೇಬೀಸ್ ಲಸಿಕೆ ಆಗಿಲ್ಲದಿದ್ದರೆ ಹೋಗುವ ಮೊದಲೇ ಮಾತಾಡಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಹಾಕಿಸುವ ಏರ್ಪಾಡು ಮಾಡಿ. ಅವರ ಮನೆಗೂ ಬಾಣನಿಗೂ ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ತೋಚುವುದಿಲ್ಲ.

ಶನಿವಾರ ಬಾಣನಿಗೆ ಬಿಡುವು. ರಿಂಗಿನಲ್ಲಿ, ಅಂದರೆ ಜಡ್ಜ್ ನಾಯಿಗಳನ್ನು ಪರೀಕ್ಷಿಸುವ ಅಂಕಣದಲ್ಲಿ, ಅವನನ್ನು ಹಿಡಿದು ಓಡುವವರು ಯಾರೋ ಅವರು ಆ ದಿನ ಅವನ ಜೊತೆಗೇ ಇರಬೇಕು. ನೀವೇ ಎಂದುಕೊಳ್ಳುತ್ತೇನೆ. ಯಜಮಾನರು ಮಕ್ಕಳನ್ನು ಕರೆದುಕೊಂಡು ಬೆಳಿಗ್ಗೆ ಬೇಗ ಹೊರಡಲಿ. ತುಮಕೂರಿನಿಂದ ದೇವರಾಯನದುರ್ಗ ಹದಿನೈದು ಕಿ.ಮೀ. ಆಸುಪಾಸು, ನಾಮದ ಚಿಲುಮೆ ಅದೇ ದಾರಿಯಲ್ಲಿ ಸಿಗುತ್ತದೆ. ರಾಮ ಹಣೆಗೆ ನಾಮ ಹಚ್ಚಿಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟು ಬಂಡೆಯಿಂದ ಚಿಲುಮೆ ಚಿಮ್ಮಿಸಿದನೆಂದು ಕಥೆ. ನಿಮ್ಮ ಮಕ್ಕಳಿಗೆ ಆ ಹೆಸರು ಕೇಳಿಯೇ ಖುಷಿಯಾದೀತು. ಬಾಣನನ್ನು ಅಲ್ಲಿಗೆ ಒಯ್ಯದಿರಲು ಎರಡು ಕಾರಣ: ಪಕ್ಕದಲ್ಲೇ ಜಿಂಕೆವನವಿದೆ, ಸುತ್ತ ಕರಡಿ, ಚಿರತೆ ಇರುವ ಕಾಡಿದೆ. ದುರ್ಗದ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಮೆಟ್ಟಿಲ ತುಂಬ ಕೋತಿಗಳು, ಕೈಚೀಲ ಜೋಪಾನ.

ಯಾರೋ ಒಬ್ಬರು ನಿಮಗೆ "ಕಾರಲ್ಲಿ ಬಿಟ್ಟು ಹತ್ತಿ ಬನ್ನಿ, ಕಿಟಕಿ ಸ್ವಲ್ಪ ತೆಗೆದಿಡಿ ಸಾಕು" ಎಂದು ಹೇಳಿಯೇ ಹೇಳುತ್ತಾರೆ. ಹಾಗೆ ಬಿಟ್ಟ ನಾಯಿಯೊಂದನ್ನು ನನ್ನ ಹತ್ತಿರ ತಂದಿದ್ದರು. ಬೆಳಿಗ್ಗೆ ಹುಣಸೆಮರದ ನೆರಳಿನಲ್ಲಿ ನಿಲ್ಲಿಸಿದ್ದರಂತೆ, ಕಿಟಕಿ ನಾಲ್ಕು ಬೆರಳು ತೆರೆದಿದ್ದರಂತೆ. ದರ್ಶನಕ್ಕೆ ಹೊತ್ತಾಯಿತು, ನೆರಳು ಸರಿಯಿತು. ನನ್ನ ಮೇಜಿನ ಮೇಲೆ ಮಲಗಿಸಿದಾಗ ಅದರ ಮೈ 108 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ನಾಯಿಗೆ ಸಹಜವಾದದ್ದು 101ರಿಂದ 102.5. ರಾತ್ರಿಯವರೆಗೆ ಪ್ರಯತ್ನಪಟ್ಟೆ, ಉಳಿಯಲಿಲ್ಲ. ಆ ಮನೆಯವರು ಅದನ್ನು ಮಗುವಿನಂತೆ ಸಾಕಿದ್ದರು. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 45 ದಾಟುತ್ತದೆ. ಕಿಟಕಿಯ ಸಂದು ಅದನ್ನು ತಡೆಯುವುದಿಲ್ಲ. ಫೆಬ್ರವರಿಯ ನಮ್ಮ ಮಧ್ಯಾಹ್ನ ಅಷ್ಟು ಬಿಸಿ ಇದ್ದೇ ಇರುತ್ತದೆ. ಪ್ರದರ್ಶನದ ಮೈದಾನದಲ್ಲೂ ಇದು ನೆನಪಿರಲಿ. ನಾಯಿ ಜೋರಾಗಿ ಏದುಸಿರು ಬಿಟ್ಟು, ಜೊಲ್ಲು ಸುರಿಸಿ, ತೂರಾಡಿದರೆ ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ವೈದ್ಯರ ಬಳಿ ಓಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ.

ಶನಿವಾರ ಸಂಜೆ ಸಿದ್ಧಗಂಗೆ. ಅದನ್ನು ನೀವೂ ತಪ್ಪಿಸಿಕೊಳ್ಳಬೇಡಿ. ಎರಡು ಗಂಟೆ ಬಾಣ ಅತ್ತೆಯವರ ಹತ್ತಿರ ಇರಲಿ, ಯಜಮಾನರು ಕಾಯಲಿ. ಸಾವಿರಾರು ಮಕ್ಕಳು ಬಯಲಿನಲ್ಲಿ ಸಾಲಾಗಿ ಕೂತು ಒಂದೇ ದನಿಯಲ್ಲಿ ಪ್ರಾರ್ಥನೆ ಮಾಡುವುದನ್ನು ನಿಮ್ಮ ಮಕ್ಕಳು ನೋಡಬೇಕು. 2019ರ ಜನವರಿ 21ರಂದು ಶಿವೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಗದ್ದುಗೆಗೆ ನಮಸ್ಕರಿಸಿ, ದಾಸೋಹದಲ್ಲಿ ಕೂತು ಒಂದು ತುತ್ತು ಉಂಡು ಬನ್ನಿ. ಶಿವರಾತ್ರಿ ಹತ್ತಿರವಾಗಿ ದನಗಳ ಜಾತ್ರೆ ಕಟ್ಟಿದ್ದರೆ ಹಳ್ಳಿಕಾರ್ ಹೋರಿಗಳನ್ನೂ ನೋಡಬಹುದು, ಆದರೆ ಅಲ್ಲಿಗೆ ಯಾವ ಕಾರಣಕ್ಕೂ ನಾಯಿ ಬೇಡ. ಬೆದರಿದ ಹೋರಿಯನ್ನು ಹಿಡಿಯುವವರಿಲ್ಲ.

ಭಾನುವಾರ ಬೆಳಿಗ್ಗೆ ಬಾಣನಿಗೆ ಹೊಟ್ಟೆ ಹಗುರವಾಗಿರಲಿ. ನಿಮಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇದೆ, ಮೈದಾನಕ್ಕೇ ಕಟ್ಟಿಸಿಕೊಂಡು ಬರಬಹುದು. ರಿಂಗಿನೊಳಗೆ ಇರುವುದು ನಾಲ್ಕೈದು ನಿಮಿಷ, ಕಾಯುವುದು ಇಡೀ ಬೆಳಿಗ್ಗೆ. ತಾಡಪಾಲು ಇಲ್ಲವೇ ದೊಡ್ಡ ಕೊಡೆ, ನೀರು, ಅವನ ಕಂಬಳಿ, ಮಡಚುವ ಕುರ್ಚಿ ಒಯ್ಯಿರಿ. ಜಡ್ಜ್ ಅವನ ತುಟಿ ಎತ್ತಿ ಹಲ್ಲು ನೋಡುತ್ತಾರೆ, ಬೆನ್ನು, ತೊಡೆ, ಗಂಡುನಾಯಿಯಾದ್ದರಿಂದ ಬೀಜಗಳನ್ನೂ ಮುಟ್ಟಿ ನೋಡುತ್ತಾರೆ. ಮುಧೋಳ ಹೊಸಬರ ಕೈಗೆ ಸುಲಭವಾಗಿ ಒಗ್ಗುವ ತಳಿ ಅಲ್ಲ. ಇವತ್ತಿನಿಂದಲೇ ದಿನಕ್ಕೊಬ್ಬ ನೆರೆಯವರಿಂದ ಹೀಗೆ ಮುಟ್ಟಿಸಿ, ಸುಮ್ಮನಿದ್ದರೆ ತಿನ್ನಲು ಕೊಡಿ. ಶುಕ್ರವಾರ, ಶನಿವಾರ ಅತ್ತೆಯವರ ಮನೆಯವರಿಂದಲೂ ಮಾಡಿಸಿ. ಹೊಸ ಮನೆ, ಹೊಸ ಕೈ, ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಎಲ್ಲೂ ಸಿಗುವುದಿಲ್ಲ. ಮನೆಯಲ್ಲೇ ಪಳಗಿದ ನಾಯಿ ಮೈದಾನದಲ್ಲಿ ಬಾಲ ಕಾಲ ಸಂದಿಗೆ ಸೇರಿಸಿಕೊಂಡು ಸೋಲುವುದನ್ನು ಬಹಳ ನೋಡಿದ್ದೇನೆ.

ಭಾನುವಾರ ಸಂಜೆಯೇ ವಾಪಸಾಗುವ ಯೋಚನೆ ಬಿಟ್ಟು ಆ ರಾತ್ರಿಯೂ ಅತ್ತೆಯವರ ಮನೆಯಲ್ಲೇ ಉಳಿಯಿರಿ, ಅದಕ್ಕೆ ಕಾರಣವಿದೆ. ಬಾಣ ತನ್ನ ತಳಿಯಲ್ಲಿ ಗೆದ್ದರೆ ಹಲವು ತಳಿಗಳು ಸೇರಿದ ಗುಂಪಿನ ಸುತ್ತಿಗೆ, ಅಲ್ಲೂ ಗೆದ್ದರೆ ಇಡೀ ಪ್ರದರ್ಶನದ ಅತ್ಯುತ್ತಮ ನಾಯಿಯನ್ನು ಆರಿಸುವ ಬೆಸ್ಟ್ ಇನ್ ಶೋಗೆ ಮತ್ತೆ ಕರೆಯುತ್ತಾರೆ, ಅಷ್ಟರಲ್ಲಿ ಕತ್ತಲಾಗುತ್ತದೆ. ಆಮೇಲೆ 190 ಕಿ.ಮೀ. ಹೆದ್ದಾರಿ ಯಾರಿಗೂ ಬೇಡ. ಬೇಗ ಮುಗಿದರೆ ಬಾಣನನ್ನು ಮನೆಯಲ್ಲಿ ಮಲಗಿಸಿ, ಗೂಳೂರಿನ ಪಕ್ಕದ ಕೈದಾಳಕ್ಕೆ ಹೋಗಿ ಬನ್ನಿ. 12ನೇ ಶತಮಾನದ ಚೆನ್ನಕೇಶವನ ಗುಡಿ, ಜಕಣಾಚಾರಿ ಕಳೆದುಕೊಂಡ ಕೈ ಮರಳಿ ಬಂದ ಊರೆಂದು ಜನ ಹೇಳುವ ಜಾಗ. ಮಂದರಗಿರಿಗೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಬೇಕು. ಜೈನ ಮುನಿಗಳು ಕೈಯಲ್ಲಿ ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದ ಗುರುಮಂದಿರ ಮಕ್ಕಳಿಗೆ ಹಿಡಿಸುತ್ತದೆ, ಆದರೆ ಬಂಡೆ ಕಾದ ಮೇಲೆ ಮನುಷ್ಯರ ಅಂಗಾಲೇ ತಡೆಯುವುದಿಲ್ಲ.

ಮೈದನಹಳ್ಳಿಯನ್ನು ಈ ಸಲ ಪಟ್ಟಿಯಿಂದ ತೆಗೆಯಿರಿ ಎಂದು ಕೈಮುಗಿದು ಕೇಳುತ್ತೇನೆ. ಅಲ್ಲಿ ಕೃಷ್ಣಮೃಗಗಳು ಬೇಲಿಯೊಳಗಿನ ಪ್ರಾಣಿಗಳಲ್ಲ, ಬಯಲು ಹುಲ್ಲುಗಾವಲಿನಲ್ಲಿ ತಾವಾಗಿ ಬದುಕುತ್ತಿವೆ. ಅವುಗಳ ಮರಿಗಳಿಗೆ ನಾಯಿಗಳೇ ದೊಡ್ಡ ಶತ್ರು. ನಿಮ್ಮ ಬಾಣನ ಅಜ್ಜ ಮುತ್ತಜ್ಜಂದಿರನ್ನು ಸಾಕಿದ್ದೇ ಬಯಲಿನಲ್ಲಿ ಓಡುವ ಬೇಟೆಯನ್ನು ಅಟ್ಟಿ ಹಿಡಿಯಲು. ಕಾರಿನ ಗಾಜಿನಿಂದ ಅವನ ಕಣ್ಣಿಗೆ ಒಂದು ಬಿದ್ದರೂ ಅವನನ್ನು ಹಿಡಿದಿಡುವುದು ಕಷ್ಟ, ತಪ್ಪಿಸಿಕೊಂಡರೆ ಒಂದೋ ಆ ಜೀವ ಹೋಗುತ್ತದೆ, ಇಲ್ಲವೇ ಅವನು ಸಿಗುವುದಿಲ್ಲ. ಕೃಷ್ಣಮೃಗ ಕಾನೂನಿನ ಅತ್ಯುನ್ನತ ರಕ್ಷಣೆಯ ಪ್ರಾಣಿ. ನಾಯಿಯಿಲ್ಲದೆ ಬಂದಾಗ ಮಕ್ಕಳಿಗೆ ತೋರಿಸಿ.

ಅದರ ಬದಲು ಸೋಮವಾರ ವಾಪಸಾಗುವ ದಾರಿಯಲ್ಲಿ ಶಿರಾ ಇದೆ. 1687ರಿಂದ 1757ರವರೆಗೆ ಮೊಗಲರ ಒಂದು ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರವಾಗಿದ್ದ ಊರು. ಮಲಿಕ್ ರಿಹಾನ್ ದರ್ಗಾ, ಜುಮ್ಮಾ ಮಸೀದಿ ಎರಡೂ ಕಲ್ಲಿನ ಕೆಲಸಕ್ಕೆ ನೋಡುವಂಥವು. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಅವನ್ನು ಕಾಯುತ್ತಾರೆ. ಅಲ್ಲೂ ಒಬ್ಬರು ಬಾಣನನ್ನು ಹಿಡಿದು ಊರಾಚೆಯ ನೆರಳಿನಲ್ಲಿ ನಿಲ್ಲಿ, ಉಳಿದವರು ನೋಡಿ ಬಂದು ಕೈ ಬದಲಿಸಿ.

ಮನೆ ಸೇರಿದ ರಾತ್ರಿಯೇ ಬಾಣನ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ ಉಣ್ಣಿ ಹುಡುಕಿ. ಹೊರಡುವ ಮೊದಲೇ ಉಣ್ಣಿಯ ಔಷಧ ಕೊಡಿಸಿದ್ದರೂ ಹುಡುಕಿ. ಮುಂದಿನ ಹತ್ತು ದಿನ ಬೇರೆ ನಾಯಿಗಳ ಜೊತೆ ಬೆರೆಸಬೇಡಿ, ಕೆಮ್ಮು ಬಂತೇ ನೋಡಿ. ಮೂರು ವಾರದೊಳಗೆ ಜ್ವರ, ಊಟ ಬಿಡುವುದು, ಒಸಡು ಬಿಳಚುವುದು, ಮೂತ್ರ ಕೆಂಪಾಗುವುದು ಇವುಗಳಲ್ಲಿ ಯಾವುದೇ ಕಂಡರೂ ಕಾಯದೆ ರಕ್ತ ಪರೀಕ್ಷೆ ಮಾಡಿಸಿ, ಉಣ್ಣಿಜ್ವರ ಬೇಗ ತಿಳಿದರೆ ವಾಸಿಯಾಗುತ್ತದೆ. ಅತ್ತೆಯವರಿಗೂ ಒಂದು ಫೋನು ಮಾಡಿ, ಅವರ ನಾಯಿಗಳು ಹೇಗಿವೆ ಎಂದು ಕೇಳಿ.